‘ಬರಸಾತಿ’ ಅಂದರೆ ಏನು? ದಿಲ್ಲಿಯ ತಾರಸಿ ಕೋಣೆಗೆ ಆ ಹೆಸರು ಎಲ್ಲಿಂದ ಬಂತು?

ಹಳೇ ಕಾಗದ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆ 1970ರ ದಶಕದಲ್ಲಿ ಕೇಂದ್ರ ಸರ್ಕಾರದ ನೌಕರಿಯಲ್ಲಿ ದಿಲ್ಲಿಯಲ್ಲಿದ್ದರು. ಮದುವೆಗೆ ಮುಂಚಿನ ಮಾತು. ಆಗ ಅಜ್ಜನಿಗೆ ಬರೆದ ಇನ್‌ಲ್ಯಾಂಡ್ ಲೆಟರ್‌ಗಳನ್ನು ಅಜ್ಜಿ ಟ್ರಂಕಿನಲ್ಲಿ ಕಟ್ಟಿಟ್ಟಿದ್ದರು. ಈಗ ಅವನ್ನು ಓದಿ ಟೈಪು ಮಾಡುತ್ತಿದ್ದೇನೆ. ಒಂದರಲ್ಲಿ ಹೀಗಿದೆ: “ಕರೋಲ್‌ಬಾಗಿನ ರೂಮು ಬಿಟ್ಟೆ. ಈಗ ಬರಸಾತಿಗೆ ಬಂದಿದ್ದೇನೆ. ಬಾಡಿಗೆ ಕಡಿಮೆ, ಗಾಳಿ ಚೆನ್ನಾಗಿದೆ. ಮಧ್ಯಾಹ್ನ ಮಾತ್ರ ಇರಲಾಗುವುದಿಲ್ಲ.”

ಬರಸಾತಿ ಅನ್ನುವುದು ಬಡಾವಣೆಯ ಹೆಸರಿರಬೇಕೆಂದು ನಕಾಶೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಹಿಂದಿ ಬಲ್ಲ ಗೆಳೆಯರೊಬ್ಬರು “ಬರ್ಸಾತ್ ಅಂದರೆ ಮಳೆ, ಅದಕ್ಕೂ ಮನೆಗೂ ಏನು ಸಂಬಂಧ?” ಅಂದರು. ಆ ಕಾಲದ ದಿಲ್ಲಿ ಗೊತ್ತಿರುವವರು ಹೇಳಿ. ಪದ ಎಲ್ಲಿಂದ ಬಂತು ಅನ್ನುವುದೂ ಬೇಕು, ಆ ಮನೆ ಹೇಗಿತ್ತು ಅನ್ನುವುದೂ ಬೇಕು.

ದಿಲ್ಲಿಯಲ್ಲಿದ್ದವ

ನಿಮ್ಮ ತಂದೆಯವರು ಒಂದೇ ಸಾಲಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ಬರಸಾತಿ ಅಂದರೆ ಮನೆಯ ತಾರಸಿ ಮೇಲಿನ ಒಂಟಿ ಕೋಣೆ. ಮೆಟ್ಟಿಲು ಹತ್ತಿ ಬಂದರೆ ಒಂದು ರೂಮು, ಪಕ್ಕದಲ್ಲಿ ಪುಟ್ಟ ಅಡುಗೆಮನೆ, ಮೂಲೆಯಲ್ಲಿ ಬಚ್ಚಲು. ಉಳಿದ ತಾರಸಿಯೆಲ್ಲ ಬಾಡಿಗೆದಾರನದ್ದೇ. ಜಂಗ್‌ಪುರ, ನಿಜಾಮುದ್ದೀನ್, ಡಿಫೆನ್ಸ್ ಕಾಲನಿ, ಗ್ರೇಟರ್ ಕೈಲಾಶ್, ಹೌಜ್ ಖಾಸ್, ಎಲ್ಲಿ ನೋಡಿದರೂ ಇದ್ದವು. ಸರ್ಕಾರಿ ಕ್ವಾರ್ಟರ್ಸ್‌ಗೆ ಸರದಿ ಬರುವ ತನಕ ದಕ್ಷಿಣದ ಹುಡುಗರಿಗೆ ಅದೇ ಮನೆ. ವಿದ್ಯಾರ್ಥಿಗಳು, ಪತ್ರಕರ್ತರು, ಚಿತ್ರಕಾರರು ಇದ್ದದ್ದೂ ಅಲ್ಲೇ. ಚಿತ್ರಕಾರ ವಾಸುದೇವ ಗಾಯ್ತೊಂಡೆ 1972ರಲ್ಲಿ ಮುಂಬಯಿ ಬಿಟ್ಟು ದಿಲ್ಲಿಗೆ ಬಂದು, ನಿಜಾಮುದ್ದೀನ್ ಈಸ್ಟ್‌ನ ಬರಸಾತಿಯಲ್ಲೇ ಚಿತ್ರ ಬರೆದುಕೊಂಡಿದ್ದರು.

ಮಧ್ಯಾಹ್ನ ಯಾಕೆ ಇರಲಾಗುವುದಿಲ್ಲ ಅಂದರೆ, ತಲೆಯ ಮೇಲೆ ಕಾದ ಚಪ್ಪಡಿ, ನಾಲ್ಕೂ ಗೋಡೆಗೆ ಬಿಸಿಲು. ಮೇ ತಿಂಗಳಲ್ಲಿ ತೊಟ್ಟಿಯ ನೀರೂ ಮೈಗೆ ಸುರಿದುಕೊಳ್ಳಲಾಗದಷ್ಟು ಕಾದಿರುತ್ತಿತ್ತು. ಸಂಜೆ ಬಕೆಟ್ ಬಕೆಟ್ ನೀರು ತಾರಸಿಗೆ ಎರಚಿದರೆ ಮೊದಲು ಬಿಸಿ ಆವಿ, ಆಮೇಲೆ ಮಣ್ಣಿನ ವಾಸನೆ, ಆಮೇಲೆ ಮಲಗುವಷ್ಟು ತಂಪು.

ಮಳೆಯ ಸಂಬಂಧವೂ ಇಲ್ಲೇ ಇದೆ. ಬೇಸಿಗೆಯಲ್ಲಿ ದಿಲ್ಲಿಯ ಮನೆಮಂದಿಯೆಲ್ಲ ತಾರಸಿ ಮೇಲೆ ಚಾರ್‌ಪಾಯಿ ಹಾಕಿ ಮಲಗುತ್ತಿದ್ದರು. ಏರ್ ಕೂಲರ್ ಮನೆಮನೆಗೆ ಬರುವುದಕ್ಕೆ ಮುಂಚೆ ಬೇರೆ ಉಪಾಯವೇ ಇರಲಿಲ್ಲ. ಜೂನ್‌ನಲ್ಲಿ ರಾತ್ರಿ ಹೊತ್ತು ಇದ್ದಕ್ಕಿದ್ದಂತೆ ಆಂಧಿ ಏಳುತ್ತದೆ, ಮೊದಲು ಧೂಳು, ಹಿಂದೆಯೇ ದಪ್ಪ ಹನಿ. ಆಗ ಮಂಚ, ಹಾಸಿಗೆ, ಮಕ್ಕಳು ಎಲ್ಲವನ್ನೂ ಒಳಗೆಳೆದುಕೊಳ್ಳಲು ತಾರಸಿ ಮೇಲೊಂದು ಸೂರು ಬೇಕು. ಅದೇ ಬರಸಾತಿ. ಬಾಡಿಗೆಗೆ ಕೊಡುವ ಯೋಚನೆ ಬಂದದ್ದು ಆಮೇಲೆ.

ನಿಘಂಟುಪ್ರಿಯ

ಮೇಲಿನವರು ಹೇಳಿದ್ದು ಸರಿ. ಪದದ ಕಡೆಯಿಂದ ನಾನೊಂದಿಷ್ಟು ಸೇರಿಸುತ್ತೇನೆ.

ಹಿಂದಿಯ ‘ಬರ್ಸಾತ್’ ಅಂದರೆ ಬರೀ ಮಳೆಯಲ್ಲ, ಮಳೆಗಾಲ. ಅದರ ಹಿಂದಿರುವುದು ಸಂಸ್ಕೃತದ ‘ವರ್ಷಾ’. ವಂಶಾವಳಿಯನ್ನು ಇನ್ನೂ ಬಿಗಿಯಾಗಿ ಹಿಡಿಯುವವರು ‘ವರ್ಷಾರಾತ್ರ’ ಅನ್ನುವ ಸಮಾಸಕ್ಕೆ ಹೋಗುತ್ತಾರೆ. ಪಾಳಿಯಲ್ಲಿ ಅದು ‘ವಸ್ಸಾರತ್ತ’, ಪ್ರಾಕೃತದಲ್ಲಿ ‘ವರಿಸಾರತ್ತ’, ಅರ್ಥ ಮಳೆಗಾಲವೆಂದೇ. ಕೊನೆಯಲ್ಲಿರುವ ‘ಆತ್’ ಎಲ್ಲಿಂದ ಬಂತು ಅನ್ನುವುದಕ್ಕೆ ಇದರಿಂದ ಉತ್ತರ ಸಿಗುತ್ತದೆ. ಅದರ ಮೇಲೆ ‘ಈ’ ಪ್ರತ್ಯಯ ಬಂದರೆ ‘ಬರ್ಸಾತಿ’, ಅಂದರೆ ಮಳೆಗಾಲಕ್ಕೆ ಸೇರಿದ್ದು. ಹುಟ್ಟಿನಲ್ಲಿ ಇದು ಗುಣವಾಚಕ. ಉತ್ತರದಲ್ಲಿ ‘ಬರ್ಸಾತಿ ನಾಲಾ’ ಅಂದರೆ ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ. ಯಾವ ನಾಮಪದದ ಮುಂದೆ ನಿಲ್ಲಬೇಕಿತ್ತೋ ಅದು ಬಿದ್ದುಹೋಗಿ, ಗುಣವಾಚಕವೇ ಕೋಣೆಯ ಹೆಸರಾಯಿತು.

ವಕಾರ ಬಕಾರವಾಗುವುದು ನಮಗೇನೂ ಹೊಸದಲ್ಲ. ವರ್ಣ ಬಣ್ಣವಾಯಿತು, ವನ ಬನವಾಯಿತು. ವರ್ಷವೇ ಹಳಗನ್ನಡದಲ್ಲಿ ‘ಬರಿಸ’ ಆಗಿದೆ. ನಾವು ಆ ಪದವನ್ನು ಕಾಲದ ಲೆಕ್ಕಕ್ಕೆ ಇಟ್ಟುಕೊಂಡೆವು, ಹಿಂದಿಯವರು ಕಾಲಕ್ಕೂ (‘ಬರಸ್’) ಮಳೆಗೂ ಇಟ್ಟುಕೊಂಡರು.

ಶಾಸನಾಸಕ್ತ

ನನಗೊಂದು ಸಂಶಯ. ‘ವಸತಿ’ ಯಾಕಾಗಿರಬಾರದು? ವಾಸ ಮಾಡುವ ಕೋಣೆ ತಾನೇ? ವಸತಿ ನಮ್ಮಲ್ಲಿ ಬಸದಿ ಆಯಿತು. ಉತ್ತರದಲ್ಲಿ ಬಸತಿ, ಬರಸತಿ, ಬರಸಾತಿ ಅಂತ ಎಳೆದುಕೊಂಡಿರಬಹುದಲ್ಲ? ಮಳೆಗಿಂತ ವಾಸವೇ ಮನೆಗೆ ಹತ್ತಿರದ ಅರ್ಥ.

ನಿಘಂಟುಪ್ರಿಯ

ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ವಸತಿ ‘ವಸ್’ ಧಾತುವಿನದು, ಅದರಲ್ಲಿ ರಕಾರವೇ ಇಲ್ಲ. ಇಲ್ಲದ ರಕಾರ ನಡುವೆ ಬಂದು ಕೂತದ್ದಕ್ಕೆ ಕಾರಣ ಕೊಡಬೇಕಾಗುತ್ತದೆ. ಅಲ್ಲದೆ ವಸತಿ ಹಿಂದಿಯಲ್ಲಿ ಏನಾಯಿತು ಅನ್ನುವುದು ನಮ್ಮ ಕಣ್ಣ ಮುಂದೆಯೇ ಇದೆ: ‘ಬಸ್ತಿ’. ಜನ ನೆಲೆಸಿದ ಕೇರಿ, ಊರು. ನಮ್ಮಲ್ಲಿ ಅದೇ ಪದ ಜಿನಾಲಯದ ಕಡೆಗೆ ತಿರುಗಿ ಬಸದಿ ಆಯಿತು, ಆಡುಮಾತಿನಲ್ಲಿ ಬಸ್ತಿಯೂ ಹೌದು. ದಿಲ್ಲಿಯ ಬಸ್ತಿ ಮತ್ತು ಮೂಡುಬಿದಿರೆಯ ಬಸ್ತಿ ಒಂದೇ ತಾಯಿಯ ಮಕ್ಕಳು. ಬರಸಾತಿ ಬೇರೆ ಮನೆತನದ್ದು.

ಇನ್ನೊಂದು ಮಾತು. ‘ಮನೆಗೆ ಹತ್ತಿರದ ಅರ್ಥ’ ಬೇಕೆಂದು ನಾವು ಹುಡುಕುತ್ತಿರುವುದು ಕೋಣೆಯಲ್ಲಿ ಬಾಡಿಗೆದಾರ ಬಂದು ಕೂತ ಮೇಲೆ. ಹೆಸರಿಟ್ಟ ಕಾಲಕ್ಕೆ ಅಲ್ಲಿ ಯಾರೂ ವಾಸವಿರಲಿಲ್ಲ. ಕೋಣೆ ಕಟ್ಟಿದವರಿಗೆ ಅದು ಯಾವಾಗ ಬೇಕಾಯಿತೋ ಆ ಹೊತ್ತಿನ ಹೆಸರನ್ನೇ ಅದಕ್ಕೆ ಇಟ್ಟರು.

ಇಳಕಲ್ಲ ಹುಡುಗಿ

ನಮ್ಮ ಕಡೆನೂ ಬ್ಯಾಸಗ್ಯಾಗ ಎಲ್ಲಾರೂ ಮಾಳಗಿ ಮ್ಯಾಲೇ ಮಲಗೋದು. ಆದ್ರ ಮಾಳಗಿ ಮ್ಯಾಲ ಖೋಲಿ ಇರಂಗಿಲ್ಲ! ಮಾಳಗಿ ಅಂದ್ರ ಮಣ್ಣಿನ ಚಾವಣಿ. ತೊಲಿ, ಅದರ ಮ್ಯಾಲ ಜಂತಿ, ಅದರ ಮ್ಯಾಲ ಹಲಿಗಿ ಇಲ್ಲಾ ಕಟಗಿ, ಬೇವಿನ ತಪ್ಪಲ, ಆಮ್ಯಾಲ ಮಣ್ಣು. ಕಡೀಕ ಸವಳು ಮಣ್ಣು ಹಾಕ್ತಾರ, ಅದು ನೀರು ಇಳಿಯಾಕ ಬಿಡಂಗಿಲ್ಲ. ಮಳಿಗಾಲ ಹತ್ರ ಬಂತಂದ್ರ ಮಾಳಗಿಗೆ ಮಣ್ಣ ಹಾಕೋ ಕೆಲಸ ಸುರು. ಸುತ್ತ ಕುಂಬಿ, ನೀರು ಹೋಗಾಕ ದ್ವಾಣಿ. ನಡುವ ಬೆಳಕಿಂಡಿ, ಮಳಿ ಬಂದ್ರ ಅದಕ ಕಲ್ಲು ಮುಚ್ಚಬೇಕು.

ರಾತ್ರಿ ಹನಿ ಬಿತ್ತಂದ್ರ ನಮ್ಮ ಅವ್ವ ಮೊದಲ ಬೆಳಕಿಂಡಿ ಮುಚ್ಚಾಕ ಓಡತಿದ್ಲು. ನಾವು ಕೌದಿ ಸುತ್ತಿ ಬಗಲಾಗ ಇಟಗೊಂಡು ನಿಚ್ಚಣಿಕಿ ಇಳದು ಪಡಸಾಲ್ಯಾಗ ಬಿದ್ದಕೋತಿದ್ವಿ. ದಿಲ್ಲಿಯವರು ಕೆಳಗ ಇಳೀಬಹುದಿತ್ತಲ್ಲ? ಮಂದಿ ಮಲಗೋದು ಎರಡೂ ಕಡೆ ಅಷ್ಟ, ಮಳಿನೂ ಅಷ್ಟ. ಅವರಿಗ್ಯಾಕ ಖೋಲಿ ಬೇಕಾತು?

ದಿಲ್ಲಿಯಲ್ಲಿದ್ದವ

ಬಹಳ ಒಳ್ಳೆಯ ಪ್ರಶ್ನೆ, ಉತ್ತರ ನಿಮ್ಮ ಮಾತಿನಲ್ಲೇ ಇದೆ. ನೀವು ಸುತ್ತಿಕೊಂಡದ್ದು ಕೌದಿ, ಅವರು ಮಲಗಿದ್ದು ಮಂಚದ ಮೇಲೆ. ಚಾರ್‌ಪಾಯಿ ಹಗುರವೇ, ಆದರೆ ಮನೆಗೆ ಆರೇಳು ಮಂಚ ಇದ್ದರೆ ಕತ್ತಲಲ್ಲಿ, ಗಾಳಿಯಲ್ಲಿ, ಇಕ್ಕಟ್ಟಿನ ಮೆಟ್ಟಿಲಿನಲ್ಲಿ ಇಳಿಸಲು ಆಗುವುದಿಲ್ಲ. ಬೇಸಿಗೆಯುದ್ದಕ್ಕೂ ಅವು ಮೇಲೆಯೇ ಇರಬೇಕು. ಹಗಲು ಬಿಸಿಲಿಗೆ ಬಿಟ್ಟರೆ ನವಾರು, ಅಂದರೆ ಮಂಚಕ್ಕೆ ಹೆಣೆದ ಪಟ್ಟಿ, ಕೆಡುತ್ತದೆ. ಹಾಗಾಗಿ ಹಗಲಿಗೆ ಮಂಚ ಒಟ್ಟಲೂ ರಾತ್ರಿ ಮಳೆಗೆ ನುಗ್ಗಲೂ ಮೇಲೆಯೇ ಕೋಣೆ. ಇನ್ನೊಂದು, ನಿಮ್ಮ ಮಾಳಿಗೆಯ ಮಣ್ಣಿನ ಮೇಲೆ ಗೋಡೆ ಎಬ್ಬಿಸಿದರೆ ಜಂತಿ ತಡೆಯಬೇಕಲ್ಲ. ಕಲ್ಲುಚಪ್ಪಡಿ ಅಥವಾ ಕಾಂಕ್ರೀಟಿನ ತಾರಸಿಯಾದರೆ ತಡೆಯುತ್ತದೆ.

ಇಳಕಲ್ಲ ಹುಡುಗಿ

ಹೌದು ನೋಡ್ರಿ, ನಮ್ಮ ಮಾಳಗಿ ಮ್ಯಾಲ ಗ್ವಾಡಿ ಕಟ್ಟಿದ್ರ ಅಡಗಿ ಮನ್ಯಾಗ ಬೀಳತೈತಿ.

ನಕ್ಷೆಗಾರ

ವೃತ್ತಿಯಲ್ಲಿ ನಾನು ಕಟ್ಟಡ ವಿನ್ಯಾಸಕಾರ, ಓದಿದ್ದು ದಿಲ್ಲಿಯಲ್ಲಿ. ಈ ಚರ್ಚೆಯಲ್ಲಿ ಕಾನೂನಿನ ಮಾತು ಬರದಿದ್ದರೆ ಅರ್ಧ ಕತೆ ಬಿಟ್ಟಂತಾಗುತ್ತದೆ.

ರೂಢಿಯಲ್ಲಿದ್ದ ಬರಸಾತಿ ದಿಲ್ಲಿಯ ಉದ್ದಗಲಕ್ಕೂ ಒಂದೇ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ನಿಯಮದಿಂದ. ದೇಶವಿಭಜನೆಯ ನಂತರ ಪಶ್ಚಿಮ ಪಂಜಾಬಿನಿಂದ ಬಂದ ಕುಟುಂಬಗಳಿಗೆ ಲಾಜಪತ್ ನಗರ, ಜಂಗ್‌ಪುರ, ಪಟೇಲ್ ನಗರ, ರಾಜಿಂದರ್ ನಗರಗಳಲ್ಲಿ ನಿವೇಶನ, ಮನೆ ಕೊಟ್ಟರು. 1957ರಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಹುಟ್ಟಿತು. ದಿಲ್ಲಿಯ ಮೊದಲ ಮಾಸ್ಟರ್ ಪ್ಲಾನ್ 1962ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಆ ಪ್ಲಾನಿನ ಪ್ರಕಾರ ವಸತಿ ನಿವೇಶನದಲ್ಲಿ ಎರಡು ಅಂತಸ್ತು, ಅದರ ಮೇಲೆ ‘ಬರಸಾತಿ ಅಂತಸ್ತು’. ಬರಸಾತಿಯ ವಿಸ್ತಾರ ನೆಲ ಅಂತಸ್ತಿನ ಶೇ. 25ನ್ನು ಮೀರುವಂತಿಲ್ಲ. ಹಾಗಾಗಿಯೇ ಜನ ದಿಲ್ಲಿಯ ಮನೆಗಳನ್ನು ‘ಎರಡೂವರೆ ಅಂತಸ್ತಿನವು’ ಅನ್ನುತ್ತಿದ್ದದ್ದು. ಆ ‘ವರೆ’ಯೇ ಬರಸಾತಿ.

ಈ ಕಾಲು ಭಾಗದ ಲೆಕ್ಕ ಬಹಳ ಮುಖ್ಯ. ಉಳಿದ ಮುಕ್ಕಾಲು ಭಾಗ ಬಯಲಾಗಿರಲೇಬೇಕು. ಬರಸಾತಿಯಲ್ಲಿ ಇದ್ದು ಬಂದವರು ಹೊಗಳುವುದು ಕೋಣೆಯನ್ನಲ್ಲ, ಅದರ ಮುಂದಿನ ಆ ಬಯಲನ್ನು. ಚಳಿಗಾಲದ ಬಿಸಿಲಿನಲ್ಲಿ ಕೂತು ಓದುವುದು, ಕುಂಡದಲ್ಲಿ ಗಿಡ, ರಾತ್ರಿ ಗೆಳೆಯರ ಹರಟೆ. ಬಡ ಬಾಡಿಗೆದಾರನಿಗೆ ಮಾಲೀಕನಿಗಿಂತ ದೊಡ್ಡ ಆಕಾಶ ಸಿಕ್ಕಿದ್ದು ಒಂದು ಕಟ್ಟಡ ನಿಯಮದ ದೆಸೆಯಿಂದ. ನಗರ ಯೋಜನೆಯ ಕಡತಗಳಲ್ಲಿ ಇಷ್ಟು ಮನುಷ್ಯರ ಬದುಕಿಗೆ ಗಾಳಿ ಬೆಳಕು ತಂದ ಸಾಲು ನನಗೆ ಇನ್ನೊಂದು ಕಂಡಿಲ್ಲ.

ಅದನ್ನು ಮುಗಿಸಿದ್ದೂ ನಿಯಮವೇ. 1990ರ ಪ್ಲಾನಿನಲ್ಲಿ ಮಹಡಿಯ ಮಿತಿ ಸಡಿಲವಾಯಿತು, ಪೂರ್ತಿ ಮೂರನೆಯ ಅಂತಸ್ತು ಕಟ್ಟಲು ಬಂತು. 2007ರಲ್ಲಿ ಬಂದ ಪ್ಲಾನಿನ ನಂತರ ಕೆಳಗೆ ಕಂಬಗಳ ಮೇಲೆ ಕಾರು ನಿಲ್ಲಿಸುವ ಜಾಗ, ಮೇಲೆ ನಾಲ್ಕು ಅಂತಸ್ತು. ಜಮೀನಿನ ಬೆಲೆ ಏರಿದ ಮೇಲೆ ಮುಕ್ಕಾಲು ತಾರಸಿಯನ್ನು ಖಾಲಿ ಬಿಡುವವರು ಯಾರು? ಮಾಲೀಕರು ಹಳೆಯ ಮನೆಯನ್ನು ಬಿಲ್ಡರ್‌ಗೆ ಕೊಟ್ಟರು, ಬಿಲ್ಡರ್ ಕೆಡವಿ ಕಟ್ಟಿ ಒಂದೊಂದು ಅಂತಸ್ತನ್ನು ಒಬ್ಬೊಬ್ಬರಿಗೆ ಮಾರಿದ. ಈಗ ದಿಲ್ಲಿಯಲ್ಲಿ ಹಳೆಯ ಬರಸಾತಿ ಅಲ್ಲೊಂದು ಇಲ್ಲೊಂದು.

ಬರಸಾತಿಯ ಜತೆ ಕಲಸಿಕೊಳ್ಳಬಾರದ ಇನ್ನೊಂದು ಪದ ‘ಮಮ್ಟಿ’. ಅದು ಮೆಟ್ಟಿಲು ತಾರಸಿಗೆ ಬಂದು ಸೇರುವಲ್ಲಿ ಮಳೆ ಒಳಗಿಳಿಯದಂತೆ ಹಾಕುವ ಮುಚ್ಚಿಗೆ. ಬೆಂಗಳೂರಿನ ಮೇಸ್ತ್ರಿಗಳು ಹೆಡ್‌ರೂಮ್ ಅನ್ನುವುದು ಇದನ್ನೇ. ದಿಲ್ಲಿ, ಪಂಜಾಬಿನ ನಕ್ಷೆಗಳಲ್ಲಿ ಮಮ್ಟಿ ಅಂತಲೇ ಬರೆಯುತ್ತಾರೆ. ಮಮ್ಟಿಯಲ್ಲಿ ವಾಸಕ್ಕೆ ಅವಕಾಶವಿಲ್ಲ, ಬರಸಾತಿಯಲ್ಲಿ ಉಂಟು.

ಹಳೇ ಕಾಗದ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಆದರೆ ಇನ್ನೊಂದು ಕಾಗದದಲ್ಲಿ ಹೀಗಿದೆ: “ಬರಸಾತಿ ಸೋರುತ್ತಿದೆ. ಮೊದಲ ತಾರೀಕು ಸಂಬಳ ಬಂದ ಮೇಲೆ ಹೊಸದು ತೆಗೆದುಕೊಳ್ಳುತ್ತೇನೆ.” ಅಂದರೆ ಮನೆ ಬದಲಾಯಿಸಿದರೇ? ಮುಂದಿನ ಕಾಗದಗಳಲ್ಲಿ ವಿಳಾಸ ಮಾತ್ರ ಅದೇ ಇದೆ.

ದಿಲ್ಲಿಯಲ್ಲಿದ್ದವ

ಅದು ರೇನ್‌ಕೋಟ್! ಹಿಂದಿಯಲ್ಲಿ ಮಳೆಯಂಗಿಗೂ ಬರಸಾತಿ ಅಂತಲೇ ಹೆಸರು. ದಿಲ್ಲಿಯ ಹೊರಗೆ, ಉತ್ತರ ಪ್ರದೇಶ, ಬಿಹಾರದ ಕಡೆ ‘ಬರಸಾತಿ’ ಅಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಅಂಗಿಯೇ. ಕಾಗದದ ತಿಂಗಳು ನೋಡಿ, ಜುಲೈ ಆಗಸ್ಟ್ ಇರಬೇಕು.

ಹಳೇ ಕಾಗದ

ಆಗಸ್ಟ್. ಮುಂದಿನ ಸಾಲು ಈಗ ಸರಿಯಾಗಿ ಓದಿದೆ: “ಹಳೆಯದನ್ನು ಸೈಕಲ್ಲಿಗೆ ಹೊದಿಸಿದ್ದೇನೆ.”

ಪಶುವೈದ್ಯ

ಚರ್ಚೆಗೆ ತಡವಾಗಿ ಬಂದೆ. ಬರಸಾತಿ ಅನ್ನುವ ಹೆಸರಿನಲ್ಲಿ ಕುದುರೆಗಳ ಒಂದು ಕಾಯಿಲೆಯೂ ಇದೆ. ಬ್ರಿಟಿಷರ ಕಾಲದಲ್ಲಿ ಅಶ್ವದಳದ ವೈದ್ಯರು ‘ಬರ್ಸಾಟೀ’ ಅಂತ ಬರೆದುಕೊಂಡು, ಆ ಪದ ಇಂಗ್ಲಿಷಿನ ಪಶುವೈದ್ಯ ಗ್ರಂಥಗಳಿಗೂ ಹೋಯಿತು. ಹ್ಯಾಬ್ರೊನೀಮಾ ಎಂಬ ಹುಳುವಿನ ಮರಿಗಳನ್ನು ನೊಣಗಳು ಕುದುರೆಯ ಗಾಯದ ಮೇಲೆ, ಕಣ್ಣಂಚಿನಲ್ಲಿ, ಕಾಲಿನ ಹತ್ತಿರ ತಂದು ಬಿಡುತ್ತವೆ. ಗಾಯ ಮಾಯುವುದೇ ಇಲ್ಲ. ಒಳಗೆ ಹಳದಿ ಬಣ್ಣದ ಗಟ್ಟಿ ಕಾಳು ಕಟ್ಟಿಕೊಳ್ಳುತ್ತದೆ. ನೊಣ ಹೆಚ್ಚುವುದು ಮಳೆಗಾಲದಲ್ಲಿ, ಹುಣ್ಣು ಕೆರಳುವುದೂ ಆಗಲೇ, ಚಳಿ ಬಂದಾಗ ತಾನಾಗಿ ತಗ್ಗುತ್ತದೆ. ನೊಣದ ಕತೆ ಗೊತ್ತಾಗುವುದಕ್ಕೆ ಬಹಳ ಮುಂಚೆಯೇ ಕುದುರೆ ಸಾಕುವವರು ಋತುವನ್ನು ಗುರುತಿಸಿ ಹೆಸರಿಟ್ಟಿದ್ದರು.

ನಿಘಂಟುಪ್ರಿಯರು ಹೇಳಿದ ಗುಣವಾಚಕದ ಮಾತಿಗೆ ಇದು ಸರಿಯಾಗಿ ಹೊಂದುತ್ತದೆ. ಕೋಣೆ, ಅಂಗಿ, ಹುಣ್ಣು ಮೂರಕ್ಕೂ ಇರುವ ನಂಟು ಮಳೆಗಾಲ ಒಂದೇ.

ನಿಘಂಟುಪ್ರಿಯ

ನಾಲ್ಕನೆಯದೂ ಇದೆ. ಉತ್ತರದ ಹಳೆಯ ಬಂಗಲೆಗಳಲ್ಲಿ ಮುಂಬಾಗಿಲ ಮುಂದೆ ಜಟಕಾ, ಮೋಟಾರು ಬಂದು ನಿಲ್ಲುವ ಮುಚ್ಚಿದ ಜಾಗ ಇರುತ್ತದಲ್ಲ, ನಾವು ಪೋರ್ಟಿಕೋ ಅನ್ನುವುದು, ಅದಕ್ಕೂ ಬರಸಾತಿ ಅನ್ನುತ್ತಾರೆ. ಹಾಗಾಗಿ ಹಳೆಯ ಹಿಂದಿ ಕತೆಯಲ್ಲಿ ‘ಕಾರು ಬರಸಾತಿಯಲ್ಲಿ ನಿಂತಿತು’ ಅಂತ ಬಂದರೆ ಅದು ತಾರಸಿಗೆ ಹತ್ತಿಲ್ಲ. ಅನುವಾದಕರು ಇಲ್ಲಿ ಎಚ್ಚರವಾಗಿರಬೇಕು.

ಕೋಲ್ಕತ್ತದ ಕನ್ನಡತಿ

ಬಂಗಾಳಿಯಲ್ಲಿ ಇದೇ ಕೋಣೆಗೆ ‘ಚಿಲೇಕೋಠಾ’ ಅನ್ನುತ್ತಾರೆ. ಚಿಲ್ ಅಂದರೆ ಹದ್ದು, ಕೋಠಾ ಅಂದರೆ ಕೋಣೆ. ಹದ್ದು ಬಂದು ಕೂರುವಷ್ಟು ಎತ್ತರದ ಕೋಣೆ ಅಂತ ನಮ್ಮ ಅತ್ತೆಯವರು ಅರ್ಥ ಹೇಳುತ್ತಿದ್ದರು, ಸಾಮಾನ್ಯವಾಗಿ ಎಲ್ಲರೂ ಹೇಳುವುದೂ ಅದನ್ನೇ. ಉತ್ತರ ಕೋಲ್ಕತ್ತದ ಹಳೆಯ ಮನೆಗಳಲ್ಲಿ ಮೆಟ್ಟಿಲ ತುದಿಯಲ್ಲಿ ಇರುತ್ತದೆ. ಕೆಲವು ಮನೆಗಳಲ್ಲಿ ಅದೇ ದೇವರ ಕೋಣೆ, ಯಾಕೆಂದರೆ ದೇವರ ತಲೆಯ ಮೇಲೆ ಯಾರೂ ನಡೆದಾಡಬಾರದು. ಉಳಿದಂತೆ ಮುರಿದ ಕುರ್ಚಿ, ಹಳೆಯ ಪುಸ್ತಕ, ಉಪ್ಪಿನಕಾಯಿ ಭರಣಿ, ಪರೀಕ್ಷೆಗೆ ಓದುವ ಮಕ್ಕಳು. ಬಾಡಿಗೆಗೆ ಕೊಡುವುದು ದಿಲ್ಲಿಯಷ್ಟು ಇಲ್ಲ.

ಬಂಗಾಳದಲ್ಲೂ ಮಳೆ ಕಡಿಮೆಯೇನಲ್ಲ, ಆದರೂ ಹೆಸರಿಗೆ ಮಳೆ ಬರಲಿಲ್ಲ.

ನಿಘಂಟುಪ್ರಿಯ

ಕೋಠಾ ನಮ್ಮ ಮನೆಯದೇ. ಸಂಸ್ಕೃತದ ಕೋಷ್ಠ. ನಮ್ಮ ಕೊಠಡಿಯೂ ಅದರ ಮೊಮ್ಮಗ.

ತುಳುನಾಡಿನಿಂದ

ಎಲ್ಲ ಸರಿ, ಕನ್ನಡದಲ್ಲಿ ಇದಕ್ಕೆ ಪದ ಇಲ್ಲವೇ? ನಮ್ಮ ಕಡೆ ಮೇಲಿನ ಅಂತಸ್ತಿಗೆ ಇವತ್ತಿಗೂ ಉಪ್ಪರಿಗೆ ಅನ್ನುತ್ತೇವೆ. ಬರಸಾತಿಗೆ ಅದನ್ನೇ ಬಳಸಬಹುದಲ್ಲ?

ನಿಘಂಟುಪ್ರಿಯ

ಉಪ್ಪರಿಗೆ ‘ಉಪರಿ’ಯಿಂದ ಬಂದದ್ದು, ಮೇಲಿನದು ಅಂತಷ್ಟೇ ಅದರ ಅರ್ಥ. ಅದರಲ್ಲಿ ಸಿರಿವಂತಿಕೆಯ ಸೂಚನೆಯೂ ಇದೆ, ಅರಮನೆಯ ಉಪ್ಪರಿಗೆ ಅನ್ನುತ್ತೇವೆ. ತಾರಸಿಯ ಮೂಲೆಯ ಒಂಟಿ ಕೋಣೆಗೆ ಅದು ದೊಡ್ಡದಾಯಿತು. ಅಟ್ಟ ಇನ್ನೂ ದೂರ. ಮಲೆನಾಡಿನಲ್ಲಿ ಅಟ್ಟ ಅಂದರೆ ಮಾಡಿನ ಕೆಳಗೆ, ಅಡಿಕೆ ಭತ್ತ ಇಡುವ, ಒಲೆಯ ಹೊಗೆ ಹೋಗುವ ಜಾಗ. ತಲೆ ಎತ್ತಿ ನಿಲ್ಲಲೂ ಆಗದು. ಅಲ್ಲಿ ಆಕಾಶವಿಲ್ಲ, ಬರಸಾತಿಯಲ್ಲಿ ಇರುವುದೇ ಆಕಾಶ.

ಮಹಡಿ ಅಂದರೆ ಪೂರ್ತಿ ಅಂತಸ್ತು. ಅದರ ನೆಂಟ ಮರಾಠಿಯ ‘ಮಾಡಿ’. ಹಿಂದಕ್ಕೆ ಹೋದರೆ ದ್ರಾವಿಡದ ‘ಮಾಡ’: ತಮಿಳಿನಲ್ಲಿ ಮಾಡಂ, ಹಳಗನ್ನಡದಲ್ಲಿ ಮಾಡ, ಕರುಮಾಡ, ನೆಲೆಮಾಡ. ತಮಿಳರು ಬಯಲು ತಾರಸಿಗೆ ‘ಮೊಟ್ಟೈ ಮಾಡಿ’ ಅನ್ನುವುದೂ ಇದರದ್ದೇ, ಮೊಟ್ಟೈ ಅಂದರೆ ಬೋಳು. ನಿಮ್ಮ ತುಳುನಾಡಿನಲ್ಲಿ ಮಾಡ ದೈವದ ಗುಡಿಯಾಗಿ ಉಳಿದಿದೆ.

ತಾರಸಿಯ ಕತೆ ಇನ್ನೊಂದು. ಯುರೋಪಿನಿಂದ ಬಂದ ‘ಟೆರೇಸ್’ ಅದು, ಮೂಲ ಲ್ಯಾಟಿನ್ನಿನ ‘ಟೆರ್ರಾ’, ಮಣ್ಣು. ಮೊದಲಿನ ಅರ್ಥ ಮಣ್ಣು ಪೇರಿಸಿ ಮಟ್ಟ ಮಾಡಿದ ದಿಬ್ಬ. ಇಳಕಲ್ಲಿನ ಮಾಳಿಗೆಯ ವರ್ಣನೆ ಓದುವಾಗ ನನಗೆ ಇದೇ ನೆನಪಾಯಿತು. ಪದದ ಮೂಲಾರ್ಥಕ್ಕೆ ನಮ್ಮ ಸಿಮೆಂಟ್ ತಾರಸಿಗಿಂತ ಅವರ ಮಣ್ಣಿನ ಮಾಳಿಗೆ ಹತ್ತಿರ.

ಅಚ್ಚುಕಟ್ಟಾಗಿ ಈ ಕೋಣೆಗೇ ಇರುವ ಹಳೆಯ ಪದ ಅಂದರೆ ‘ಚಂದ್ರಶಾಲೆ’. ಸಂಸ್ಕೃತ ಕೋಶಗಳು ಅದಕ್ಕೆ ‘ಶಿರೋಗೃಹ’ ಅಂತ ಪರ್ಯಾಯ ಕೊಡುತ್ತವೆ, ಮನೆಯ ತಲೆಯ ಮೇಲಿನ ಮನೆ. ಕಾಳಿದಾಸನ ರಘುವಂಶದ 13ನೆಯ ಸರ್ಗದಲ್ಲಿ ರಾಮ, ಸೀತೆ ಪುಷ್ಪಕದಲ್ಲಿ ಮರಳುವಾಗ ಕೆಳಗಿನ ಸರೋವರದೊಳಗಿಂದ ಮೃದಂಗದ ಸದ್ದು ಎದ್ದು ಪುಷ್ಪಕದ ಚಂದ್ರಶಾಲೆಗಳಲ್ಲಿ ಮೊಳಗುತ್ತದೆ. ಆಕಾಶದಲ್ಲಿ ಹಾರುವ ವಾಹನಕ್ಕೂ ಕವಿ ಮಹಡಿ ಕೋಣೆ ಕೊಟ್ಟಿದ್ದಾನೆ. ಅಲ್ಲಿ ಚಂದ್ರನ ಹೆಸರು, ದಿಲ್ಲಿಯಲ್ಲಿ ಮಳೆಯ ಹೆಸರು, ಬಂಗಾಳದಲ್ಲಿ ಹದ್ದಿನ ಹೆಸರು. ತಾರಸಿಗೆ ಹತ್ತಿದವರು ಏನನ್ನು ಎದುರುಗೊಂಡರೋ ಅದೇ ಹೆಸರಾಗಿದೆ. ನನ್ನ ಅಭಿಪ್ರಾಯ ಕೇಳಿದರೆ ದಿಲ್ಲಿಯ ಕೋಣೆಗೆ ಕನ್ನಡದಲ್ಲೂ ಬರಸಾತಿ ಅಂತಲೇ ಬರೆಯಬೇಕು. ಜಗಲಿ, ಪಡಸಾಲೆಗಳನ್ನು ಹೊರಗಿನವರು ಹೇಗೆ ಹಾಗೆಯೇ ಇಟ್ಟುಕೊಳ್ಳಬೇಕೋ ಹಾಗೆ.

ಶಾಸನಾಸಕ್ತ

ಚಂದ್ರಶಾಲೆ ಅಂದ ತಕ್ಷಣ ನನ್ನ ಕ್ಷೇತ್ರಕ್ಕೆ ಬಂದಿರಿ. ದೇಗುಲಗಳ ಶಿಖರದ ಮೇಲೆ ಕುದುರೆ ಲಾಳದಂಥ ಕಮಾನುಗಳು ಸಾಲುಸಾಲಾಗಿ ಇರುತ್ತವೆ. ಕಲಾ ಇತಿಹಾಸದಲ್ಲಿ ಅವಕ್ಕೆ ಗವಾಕ್ಷ ಅಥವಾ ಚಂದ್ರಶಾಲೆ ಅನ್ನುತ್ತಾರೆ, ದ್ರಾವಿಡ ಶೈಲಿಯಲ್ಲಿ ಕೂಡು, ನಾಸಿ. ಮರದ ಕಟ್ಟಡಗಳ ಕಾಲದಲ್ಲಿ ಬಾಗಿದ ಚಾವಣಿಯ ತುದಿಗಿದ್ದ ಕಿಟಕಿಯ ರೂಪ ಅದು. ಭಾಜಾ, ಕಾರ್ಲಾ ಗುಹೆಗಳ ಮುಂಭಾಗದಲ್ಲಿ ದೊಡ್ಡದಾಗಿ ಕಾಣುತ್ತದೆ. ಆಮೇಲೆ ಕಿರಿದಾಗುತ್ತಾ ಹೋಗಿ ಅಲಂಕಾರವಾಯಿತು. ಪಟ್ಟದಕಲ್ಲಿನಲ್ಲಿ ಗಳಗನಾಥ, ಕಾಶೀವಿಶ್ವನಾಥ ಗುಡಿಗಳ ಶಿಖರವನ್ನು ಹತ್ತಿರದಿಂದ ನೋಡಿ. ಕಾಶೀವಿಶ್ವನಾಥದಲ್ಲಿ ಈ ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡು ಬಲೆಯಂತಾಗಿವೆ. ಪಕ್ಕದಲ್ಲೇ ದ್ರಾವಿಡ ಶೈಲಿಯ ವಿರೂಪಾಕ್ಷ ಇರುವುದರಿಂದ ಎರಡನ್ನೂ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬೆಳಗಿನ ಓರೆ ಬಿಸಿಲಿದ್ದಾಗ ಹೋದರೆ ಕೆತ್ತನೆಯ ಆಳ ತಿಳಿಯುತ್ತದೆ.

ಮಾಗಡಿ ರಸ್ತೆ

ನನ್ನದು ಸಣ್ಣ ಪ್ರಶ್ನೆ. ಬೆಂಗಳೂರಿನಲ್ಲಿ ಮನೆ ಹುಡುಕುತ್ತಿದ್ದೇನೆ. ಜಾಹೀರಾತಿನಲ್ಲಿ ‘ಪೆಂಟ್‌ಹೌಸ್ ಬಾಡಿಗೆಗೆ’ ಅಂತ ಹಾಕಿರುತ್ತಾರೆ, ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಪಕ್ಕ ಶೀಟ್ ಹೊದಿಸಿದ ಒಂದು ರೂಮು. ಪೆಂಟ್‌ಹೌಸ್ ಅಂದರೆ ಶ್ರೀಮಂತರ ಮನೆ ಅಲ್ಲವೇ? ಇವರು ಪದವನ್ನೇ ಕೆಡಿಸಿದ್ದಾರೆ.

ನಕ್ಷೆಗಾರ

ಬೆಂಗಳೂರಿನಲ್ಲಿ ಇಂಥ ಕೋಣೆ ಬಹಳ ಕಡೆ ಮಂಜೂರಾದ ನಕ್ಷೆಯಲ್ಲೇ ಇರುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ನಕ್ಷೆ ಕೇಳಿ. ಕರೆಂಟ್ ಮೀಟರ್ ಬೇರೆ ಇದೆಯೇ, ಶೀಟಿನ ಕೆಳಗೆ ಒಳಚಾವಣಿ ಹಾಕಿದ್ದಾರೆಯೇ ನೋಡಿ. ಶೀಟಿನ ಅಂಚು ಗೋಡೆಗೆ ಸೇರುವಲ್ಲಿ 1 ಅಂಗುಲ ಸಂದಿದ್ದರೂ ಗಾಳಿಮಳೆಗೆ ನೀರು ಒಳಗೆ ಬರುತ್ತದೆ.

ನಿಘಂಟುಪ್ರಿಯ

ಪದವನ್ನು ಅವರು ಕೆಡಿಸಿಲ್ಲ. ಪೆಂಟ್‌ಹೌಸ್‌ನಲ್ಲಿ ಮೊದಲು ‘ಹೌಸ್’ ಇರಲೇ ಇಲ್ಲ. ಹಳೆಯ ಫ್ರೆಂಚಿನ ‘ಅಪೆಂಟಿ’ ಇಂಗ್ಲಿಷಿಗೆ ‘ಪೆಂಟಿಸ್’ ಆಗಿ ಬಂತು, ಮೂಲ ಲ್ಯಾಟಿನ್ನಿನಲ್ಲಿ ‘ತೂಗುಹಾಕು, ಅಂಟಿಸು’ ಎಂಬ ಅರ್ಥದ ಕ್ರಿಯಾಪದ. ದೊಡ್ಡ ಕಟ್ಟಡದ ಗೋಡೆಗೆ ಆನಿಸಿ ಕಟ್ಟಿದ ಇಳಿಜಾರು ಮಾಡಿನ ಗುಡಿಸಲು ಅಂತ ಅರ್ಥ. ಫ್ರೆಂಚಿನಲ್ಲಿ ‘ಪಾಂತ್’ ಅಂದರೆ ಇಳಿಜಾರು, ಜನ ಆ ಪದದ ಜತೆ ಇದನ್ನು ಜೋಡಿಸಿಕೊಂಡು, ಕೊನೆಯ ‘ಇಸ್’ ಅನ್ನು ‘ಹೌಸ್’ ಅಂತ ಕೇಳಿಸಿಕೊಂಡರು. ಗಗನಚುಂಬಿಯ ತುದಿಯ ಐಷಾರಾಮಿ ಮನೆ ಅನ್ನುವ ಅರ್ಥ ಅಮೆರಿಕದಲ್ಲಿ, 20ನೆಯ ಶತಮಾನದಲ್ಲಿ ಬಲವಾಯಿತು.

ಹಾಗಾಗಿ ಟ್ಯಾಂಕಿನ ಗೋಡೆಗೆ ಆನಿಸಿ ಇಳಿಜಾರಾಗಿ ಶೀಟ್ ಹೊದಿಸಿದ ರೂಮಿಗೆ ನಿಮ್ಮ ಮಾಲೀಕರು ಇಟ್ಟ ಹೆಸರು ಮಧ್ಯಯುಗದ ಇಂಗ್ಲಿಷಿನ ಲೆಕ್ಕದಲ್ಲಿ ಅಕ್ಷರಶಃ ಸರಿ. ಬಾಡಿಗೆಯನ್ನು ಮಾತ್ರ ಅಮೆರಿಕದ ಅರ್ಥಕ್ಕೆ ಕೊಡಬೇಡಿ, ಶೀಟಿನ ಲೆಕ್ಕಕ್ಕೆ ಚೌಕಾಸಿ ಮಾಡಿ.